ಪಾಠ ಮೊಬೈಲಿಗೆ, ಬರವಣಿಗೆ ತರಗತಿಗೆ: ಸಂಶೋಧನಾ ಬರಹ ಕಲಿಸುವ ಬಗೆ

ಸ್ನಾತಕೋತ್ತರ ತರಗತಿಗೆ ಬರುವ ವಿದ್ಯಾರ್ಥಿ ಅದುವರೆಗೆ ಬರೆದಿರುವುದು ಬಹುಪಾಲು ಪರೀಕ್ಷೆಯ ಉತ್ತರಗಳನ್ನು. ಓದಿದ್ದನ್ನು ನೆನಪಿಟ್ಟುಕೊಂಡು, ಕೊಟ್ಟ ಅವಧಿಯಲ್ಲಿ, ಒಂದೇ ಸಲಕ್ಕೆ ಬರೆದು ಮುಗಿಸುವ ಆ ರೂಢಿ ಸಂಶೋಧನಾ ಪ್ರಬಂಧಕ್ಕೆ ಒದಗುವುದಿಲ್ಲ. ಇಲ್ಲಿ ಪ್ರಶ್ನೆಯನ್ನು ಬರೆಯುವವನೇ ಕಂಡುಕೊಳ್ಳಬೇಕು, ಪ್ರತಿ ಮಾತಿಗೂ ಆಧಾರ ತೋರಿಸಬೇಕು, ಬರೆದದ್ದನ್ನು ಹಲವು ಸಲ ತಿದ್ದಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವವರಿರಲಿ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಿಂದ ಹಳ್ಳಿಗಳಿಗೆ ಕ್ಷೇತ್ರಕಾರ್ಯಕ್ಕೆ ಹೋಗುವವರಿರಲಿ, ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಹಾಡು, ಕಥೆ ಸಂಗ್ರಹಿಸುವವರಿರಲಿ, ಎಲ್ಲರಿಗೂ ಈ ತೊಡಕು ಒಂದೇ ಬಗೆಯದು.

ಸಂಯೋಜಿತ ಕಲಿಕೆ, ಅಂದರೆ ಆನ್‌ಲೈನ್ ಪಾಠವನ್ನೂ ತರಗತಿಯ ಪಾಠವನ್ನೂ ಒಂದೇ ಯೋಜನೆಯಲ್ಲಿ ಹೆಣೆಯುವ ವಿಧಾನ, ಈ ತೊಡಕಿಗೆ ಒಳ್ಳೆಯ ಪರಿಹಾರ ಆಗಬಲ್ಲದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರಲ್ಲಿ ಪ್ರಕಟಿಸಿದ ಟಿಪ್ಪಣಿಯಲ್ಲಿ ಒಂದು ಕೋರ್ಸಿನ ಶೇ 40ರವರೆಗಿನ ಭಾಗವನ್ನು ಆನ್‌ಲೈನ್ ಮೂಲಕ ಕಲಿಸಬಹುದೆಂದು ಸೂಚಿಸಿದೆ. ಆ ಶೇ 40ರಲ್ಲಿ ಏನನ್ನು ಇಡಬೇಕು ಎಂಬುದೇ ಮುಖ್ಯ ಪ್ರಶ್ನೆ. ಸಾಮಾನ್ಯವಾಗಿ ಉಪನ್ಯಾಸ ತರಗತಿಯಲ್ಲಿ ನಡೆಯುತ್ತದೆ, ಬರೆಯುವ ಕೆಲಸ ಮನೆಗೆ ಹೋಗುತ್ತದೆ. ಇದನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಡಿಟಿಪ್ಪಣಿಯ ನಿಯಮಗಳನ್ನು ನವಲಗುಂದದಿಂದಲೋ ಕುಂದಗೋಳದಿಂದಲೋ ಬಸ್ಸಿನಲ್ಲಿ ಬರುವಾಗ ಮೊಬೈಲಿನಲ್ಲಿ ಕೇಳಿ ತಿಳಿಯಬಹುದು. ಆದರೆ ಖಾಲಿ ಹಾಳೆಯ ಮುಂದೆ ಕೈ ನಿಂತುಹೋದಾಗ ಪಕ್ಕದಲ್ಲಿ ಅಧ್ಯಾಪಕರು ಇರಬೇಕಾಗುತ್ತದೆ.

ಮೊದಲ ಸಿದ್ಧತೆ: ಪಾಠ ಮತ್ತು ಅಕ್ಷರ

ಸೆಮಿಸ್ಟರ್ ಆರಂಭಕ್ಕೆ ಮೊದಲೇ ಚಿಕ್ಕ ಪಾಠಗಳನ್ನು ಧ್ವನಿಮುದ್ರಿಸಿ ಇಟ್ಟುಕೊಳ್ಳಿ. ಪ್ರತಿ ಪಾಠಕ್ಕೆ ಹತ್ತು ನಿಮಿಷ ಸಾಕು, ಮತ್ತು ಒಂದು ಪಾಠದಲ್ಲಿ ಒಂದೇ ವಿಷಯ ಇರಲಿ: ಪ್ರಶ್ನೆ ರೂಪಿಸುವುದು, ಆಕರ ಹುಡುಕುವುದು, ಉದ್ಧರಣೆ ಕೊಡುವುದು, ವಾಕ್ಯವೃಂದ ಕಟ್ಟುವುದು, ಗ್ರಂಥಸೂಚಿ ಸಿದ್ಧಪಡಿಸುವುದು. ಹಳ್ಳಿಗಳಲ್ಲಿ ನೆಟ್‌ವರ್ಕ್ ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲವಾದ್ದರಿಂದ ವಿಡಿಯೊ ಜೊತೆಗೆ ಬರೀ ಧ್ವನಿಯ ಕಡತವನ್ನೂ ಎರಡು ಪುಟದ ಪಿಡಿಎಫ್ ಅನ್ನೂ ಕೊಡಿ. ವಾಟ್ಸ್‌ಆ್ಯಪ್ ಗುಂಪು ಸೂಚನೆಗಳಿಗೆ ಅನುಕೂಲವೇ ಹೊರತು ಪಾಠಗಳನ್ನು ಜೋಡಿಸಿಡಲು ತಕ್ಕ ಜಾಗವಲ್ಲ; ಅದಕ್ಕೆ ಗೂಗಲ್ ಕ್ಲಾಸ್‌ರೂಮ್ ಅಥವಾ ನಿಮ್ಮ ಸಂಸ್ಥೆಯಲ್ಲಿ ಮೂಡಲ್ ಎಂಬ ಕಲಿಕಾ ತಂತ್ರಾಂಶ ಇದ್ದರೆ ಅದನ್ನೇ ಬಳಸಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಸಿದ್ಧತೆ ಅಗತ್ಯ. ಎಲ್ಲರೂ ಯೂನಿಕೋಡ್‌ನಲ್ಲೇ, ಅಂದರೆ ಯಾವ ಸಾಧನದಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತದಲ್ಲೇ, ಟೈಪ್ ಮಾಡಬೇಕೆಂದು ಮೊದಲ ದಿನವೇ ಹೇಳಿಬಿಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಡಿಟಿಪಿ ಅಂಗಡಿಯವರು ಟೈಪ್ ಮಾಡಿಕೊಟ್ಟ ಪುಟಗಳು ಗೂಗಲ್ ಡಾಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವುಗಳ ಮೇಲೆ ಟಿಪ್ಪಣಿ ಬರೆಯಲಾಗುವುದಿಲ್ಲ, ಕನ್ನಡ ಪದವೊಂದನ್ನು ಹುಡುಕಲೂ ಆಗುವುದಿಲ್ಲ. ಟೈಪಿಂಗ್ ಬಾರದವರು ಮೊಬೈಲಿನ ಧ್ವನಿ ಟೈಪಿಂಗ್ ಸೌಲಭ್ಯದಿಂದ ಆರಂಭಿಸಬಹುದು. ಅದು ಕನ್ನಡವನ್ನು ತಕ್ಕಮಟ್ಟಿಗೆ ಚೆನ್ನಾಗಿಯೇ ಗುರುತಿಸುತ್ತದೆ, ಕಾಗುಣಿತವನ್ನು ಮಾತ್ರ ಆಮೇಲೆ ತಿದ್ದಿಕೊಳ್ಳಬೇಕು. ಅಂಗಡಿಯಲ್ಲಿ ಟೈಪ್ ಮಾಡಿಸುವ ರೂಢಿ ತಪ್ಪಿದರೆ ಮತ್ತೊಂದು ಲಾಭವೂ ಇದೆ: ಪುಟಕ್ಕಿಷ್ಟು ಎಂದು ಹಣ ಕೊಟ್ಟ ವಿದ್ಯಾರ್ಥಿಗೆ ಆ ಪುಟವನ್ನು ಹರಿದು ಮತ್ತೆ ಬರೆಯಲು ಮನಸ್ಸು ಬರುವುದಿಲ್ಲ.

ಎರಡನೆಯ ಹಂತ: ವಿಷಯದಿಂದ ಪ್ರಶ್ನೆಗೆ

ವಿದ್ಯಾರ್ಥಿಗಳು ತರುವುದು ವಿಷಯವನ್ನು, ಪ್ರಶ್ನೆಯನ್ನಲ್ಲ. ‘ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ: ಒಂದು ಅಧ್ಯಯನ’ ಎಂಬ ಶೀರ್ಷಿಕೆಯನ್ನು ಹಿಡಿದು ಬಂದವರು ಏನನ್ನು ಬೇಕಾದರೂ ಬರೆಯಬಹುದು, ಹಾಗಾಗಿ ಕೊನೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬರೆದು ನಿಲ್ಲಿಸುತ್ತಾರೆ. ಮನೆಯಲ್ಲಿ ಪ್ರಶ್ನೆಯ ಕುರಿತ ಪಾಠವನ್ನು ಕೇಳಿ ಬಂದಿರಲಿ. ತರಗತಿಯಲ್ಲಿ ಆ ಶೀರ್ಷಿಕೆಯನ್ನು ಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ ಬಗೆದು ನೋಡಿ. ಯಾರ ಬಗ್ಗೆ? ಯಾವ ವರ್ಷಗಳ ಬಗ್ಗೆ? ಏನು ಗೊತ್ತಾಗಬೇಕು? ಹೀಗೆ ಕೇಳುತ್ತ ಹೋದರೆ, ‘ಬ್ಯಾಡಗಿ ಮಾರುಕಟ್ಟೆಗೆ ಬರುವ ಸಣ್ಣ ರೈತರು ಮೆಣಸಿನಕಾಯಿಯನ್ನು ಅಂದೇ ಮಾರಬೇಕೋ ಶೀತಲಗೃಹದಲ್ಲಿ ಇಡಬೇಕೋ ಎಂಬುದನ್ನು ಯಾವ ಕಾರಣಗಳಿಂದ ತೀರ್ಮಾನಿಸುತ್ತಾರೆ?’ ಎಂಬಲ್ಲಿಗೆ ತಲುಪಬಹುದು. ಈ ಪ್ರಶ್ನೆಗೆ ಯಾರನ್ನು ಮಾತನಾಡಿಸಬೇಕು, ಯಾವ ದಾಖಲೆ ನೋಡಬೇಕು ಎಂಬುದು ತಾನೇ ಸ್ಪಷ್ಟವಾಗುತ್ತದೆ. ಈ ಕೆಲಸಕ್ಕೆ ಎರಡು ಪೂರ್ಣ ವಾರ ಹೋದರೂ ಹೋಗಲಿ, ಆತುರ ಬೇಡ.

ಮೂರನೆಯ ಹಂತ: ಆಕರ, ಉದ್ಧರಣೆ, ಸ್ವಂತ ಮಾತು

ಆಕರ ಹುಡುಕುವುದನ್ನು ಆನ್‌ಲೈನ್ ಭಾಗದಲ್ಲಿಡಿ. ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ತಮ್ಮ ವಿಷಯಕ್ಕೆ ಹತ್ತಿರದ ಒಂದು ಪ್ರಬಂಧವನ್ನು ಪ್ರತಿಯೊಬ್ಬರೂ ಹುಡುಕಿ, ಅದರ ಪ್ರಸ್ತಾವನೆಯನ್ನೂ ಗ್ರಂಥಸೂಚಿಯನ್ನೂ ಓದಿ ಬರಲಿ. ಉಲ್ಲೇಖಗಳನ್ನು ಜೋಡಿಸಿಟ್ಟುಕೊಳ್ಳಲು ಝೊಟೆರೊ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ವಿಭಾಗದ ಕಂಪ್ಯೂಟರಿನಲ್ಲಿ ಒಮ್ಮೆ ಮಾಡಿ ತೋರಿಸಿದರೆ ಸಾಕು.

ಕಷ್ಟದ ಭಾಗವೆಂದರೆ ಓದಿದ್ದನ್ನು ಸ್ವಂತ ವಾಕ್ಯದಲ್ಲಿ ಹೇಳುವುದು. ಇದನ್ನು ತರಗತಿಯಲ್ಲಿಯೇ, ಎಲ್ಲರ ಎದುರು, ನಿಧಾನವಾಗಿ ಮಾಡಿಸಬೇಕು. ಅಭ್ಯಾಸಕ್ಕೆಂದೇ ರಚಿಸಿದ ಈ ವಾಕ್ಯವನ್ನು ತೆಗೆದುಕೊಳ್ಳಿ: ‘1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಸ್ಥಾಪನೆಯಾದದ್ದು ಈ ಭಾಗದ ರೈತರಿಗೆ ಸಾಲದ ಅಗತ್ಯ ಎಷ್ಟಿತ್ತೆಂಬುದನ್ನು ಸೂಚಿಸುತ್ತದೆ.’ ಕೆಲವರು ಇದರಲ್ಲಿ ‘ಸ್ಥಾಪನೆಯಾದದ್ದು’ ಎಂಬುದನ್ನು ‘ಆರಂಭವಾದದ್ದು’ ಎಂದೂ ‘ಅಗತ್ಯ’ವನ್ನು ‘ಅವಶ್ಯಕತೆ’ ಎಂದೂ ಬದಲಿಸಿ, ಸ್ವಂತ ವಾಕ್ಯವಾಯಿತೆಂದು ತಿಳಿಯುತ್ತಾರೆ. ಪದ ಬದಲಾಗಿದೆ, ವಾಕ್ಯದ ಎಲುಬು ಮೂಲದ್ದೇ ಉಳಿದಿದೆ. ಆಕರ ಹೇಳದಿದ್ದರೆ ಇದೂ ಕೃತಿಚೌರ್ಯವೇ.

ಮೂಲವನ್ನು ಎರಡು ಸಲ ಓದಿಸಿ, ಹಾಳೆಯನ್ನು ಮಗುಚಿಡಿಸಿ, ಅದರಲ್ಲಿರುವ ಸಂಗತಿ ಯಾವುದು, ಲೇಖಕರ ಊಹೆ ಯಾವುದು ಎಂದು ಬಾಯಲ್ಲಿ ಹೇಳಿಸಿ. 1904 ಮತ್ತು 1905 ಸಂಗತಿಗಳು. ಸಾಲದ ಅಗತ್ಯ ಕುರಿತ ಮಾತು ಊಹೆ. ಈ ಭೇದ ಕಂಡ ವಿದ್ಯಾರ್ಥಿ ಬರೆಯುವ ವಾಕ್ಯ ಬೇರೆಯದೇ ಆಗಿರುತ್ತದೆ: ‘ಕಣಗಿನಹಾಳದ ಸಂಘ 1905ರಲ್ಲಿ ಆರಂಭವಾಯಿತು. ಕಾಯ್ದೆಯ ಮರುವರ್ಷವೇ ಹೀಗಾದದ್ದನ್ನು ಒಬ್ಬ ಲೇಖಕರು ರೈತರ ಸಾಲದ ಅಗತ್ಯಕ್ಕೆ ಜೋಡಿಸುತ್ತಾರೆ. ಆದರೆ ಊರಿನ ಮುಂದಾಳುಗಳ ಪಾತ್ರವೇನು ಎಂಬುದನ್ನೂ ನೋಡಬೇಕಾಗುತ್ತದೆ.’ ಇಲ್ಲಿ ಆಕರಕ್ಕೂ ಜಾಗ ಸಿಕ್ಕಿದೆ, ಬರೆಯುವವನ ವಿಚಾರಕ್ಕೂ ಜಾಗ ಸಿಕ್ಕಿದೆ. ಇಂಥ ಅಭ್ಯಾಸವನ್ನು ಬೇರೆ ಬೇರೆ ವಾಕ್ಯಗಳ ಮೇಲೆ ಹಲವು ತರಗತಿಗಳಲ್ಲಿ ಮಾಡಿಸಿದವರಿಗೆ ಕೃತಿಚೌರ್ಯದ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಕೊಡುವ ಪ್ರಮೇಯ ಕಡಿಮೆಯಾಗುತ್ತದೆ. ಆದರೂ ನಿಯಮ ಗೊತ್ತಿರಲಿ: ಆಯೋಗದ 2018ರ ನಿಯಮಾವಳಿಯ ಪ್ರಕಾರ ಬೇರೆಯವರ ಬರಹದೊಂದಿಗೆ ಶೇ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ, ಅದಕ್ಕೂ ಮೇಲೆ ಹೋದಂತೆ ಕ್ರಮ ಬಿಗಿಯಾಗುತ್ತದೆ. ಈ ಅಂಕಿಯನ್ನೇ ಗುರಿಯಾಗಿಸಿಕೊಂಡು ಪದ ತಿರುಚುವ ಚಟಕ್ಕೆ ಮಾತ್ರ ಆಸ್ಪದ ಕೊಡಬಾರದು.

ನಾಲ್ಕನೆಯ ಹಂತ: ಮೂರು ಕರಡು

ಪ್ರತಿ ವಿದ್ಯಾರ್ಥಿಯೂ ಒಂದು ಗೂಗಲ್ ಡಾಕ್ಸ್ ಕಡತ ತೆರೆದು ಅಧ್ಯಾಪಕರಿಗೆ ಟಿಪ್ಪಣಿ ಬರೆಯುವ ಅವಕಾಶ ಕೊಡಲಿ. ಮೊದಲ ಕರಡನ್ನು ತರಗತಿಯಲ್ಲೇ ಕುಳಿತು ಬರೆಯಬೇಕು. ಲ್ಯಾಪ್‌ಟಾಪ್ ಇಲ್ಲದವರು ಕೈಬರಹದಲ್ಲಿ ಬರೆದು ಆಮೇಲೆ ಟೈಪ್ ಮಾಡಬಹುದು. ಎರಡನೆಯದು ಸಹಪಾಠಿಯ ಓದಿನ ನಂತರದ್ದು, ಮೂರನೆಯದು ಅಧ್ಯಾಪಕರ ಟಿಪ್ಪಣಿಯ ನಂತರದ್ದು.

ಸಹಪಾಠಿಗಳು ಓದುವಾಗ ‘ಚೆನ್ನಾಗಿದೆ’ ಎಂದು ಬರೆದು ಮುಗಿಸುವುದು ಸಹಜ, ಏಕೆಂದರೆ ಗೆಳೆಯರ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿರುವುದಿಲ್ಲ. ಆದ್ದರಿಂದ ಅಭಿಪ್ರಾಯ ಕೇಳದೆ ಕೆಲಸ ಕೊಡಿ: ಪ್ರಬಂಧದ ಪ್ರಶ್ನೆ ಯಾವುದೆಂದು ಒಂದೇ ವಾಕ್ಯದಲ್ಲಿ ಬರೆಯಿರಿ, ಆಧಾರವಿಲ್ಲದ ಒಂದು ಹೇಳಿಕೆಯನ್ನು ಗುರುತು ಮಾಡಿ, ಅರ್ಥವಾಗದೆ ಎರಡನೇ ಸಲ ಓದಬೇಕಾದ ಒಂದು ವಾಕ್ಯವನ್ನು ತೋರಿಸಿ. ಓದಿದವರು ಬರೆದ ಪ್ರಶ್ನೆಯೂ ಬರೆದವರ ಮನಸ್ಸಿನ ಪ್ರಶ್ನೆಯೂ ಬೇರೆ ಬೇರೆಯಾದಾಗ ಆಗುವ ಕಲಿಕೆ ಯಾವ ಉಪನ್ಯಾಸದಿಂದಲೂ ಆಗದು.

ಅಧ್ಯಾಪಕರು ಎಲ್ಲ ತಪ್ಪುಗಳನ್ನೂ ತಿದ್ದಲು ಹೋಗಬಾರದು. ನಲವತ್ತು ಜನರ ತರಗತಿಯಲ್ಲಿ ಅದು ಸಾಧ್ಯವೂ ಇಲ್ಲ, ಪುಟದ ತುಂಬ ಕೆಂಪು ಗೆರೆ ಕಂಡ ವಿದ್ಯಾರ್ಥಿ ಯಾವುದನ್ನು ಮೊದಲು ಸರಿಪಡಿಸಬೇಕೆಂದು ತಿಳಿಯದೆ ಎಲ್ಲವನ್ನೂ ಬಿಟ್ಟುಬಿಡುತ್ತಾನೆ. ಒಂದು ಕರಡಿಗೆ ಎರಡೇ ಟಿಪ್ಪಣಿ, ಅವೂ ವಾದ ಮತ್ತು ಆಧಾರಕ್ಕೆ ಸಂಬಂಧಿಸಿದವು ಇರಲಿ. ಕಾಗುಣಿತ, ವಿರಾಮಚಿಹ್ನೆಗಳನ್ನು ಕೊನೆಯ ಕರಡಿಗೆ ಬಿಡಿ. ಟೈಪ್ ಮಾಡುವುದಕ್ಕಿಂತ ಎರಡು ನಿಮಿಷದ ಧ್ವನಿ ಸಂದೇಶ ಕಳಿಸುವುದು ಸುಲಭ, ಕೇಳುವವರಿಗೂ ಅದು ಹೆಚ್ಚು ಆತ್ಮೀಯ.

ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಬರೆಸಿಕೊಂಡು ಬರುವವರ ಚಿಂತೆ ಈಗ ಎಲ್ಲ ವಿಭಾಗಗಳಲ್ಲೂ ಇದೆ. ಗೂಗಲ್ ಡಾಕ್ಸ್‌ನ ಆವೃತ್ತಿ ಇತಿಹಾಸದಲ್ಲಿ ಬರಹ ದಿನದಿಂದ ದಿನಕ್ಕೆ ಹೇಗೆ ಬೆಳೆಯಿತೆಂಬುದು ಕಾಣುತ್ತದೆ; ಒಂದೇ ಗಳಿಗೆಯಲ್ಲಿ ಹತ್ತು ಪುಟ ಬಂದು ಕುಳಿತಿದ್ದರೆ ವಿಚಾರಿಸಬೇಕಾಗುತ್ತದೆ. ಬೇರೆ ಕಡೆ ಟೈಪ್ ಮಾಡಿ ತಂದು ಅಂಟಿಸಿರಲೂಬಹುದು, ಹಾಗಾಗಿ ಮೊದಲೇ ತಪ್ಪು ಹೊರಿಸದೆ, ಆ ಪುಟದ ಒಂದು ವಾಕ್ಯವೃಂದವನ್ನು ಅವರ ಬಾಯಿಂದಲೇ ವಿವರಿಸಲು ಕೇಳಿ.

ಅಂಕಗಳು

ಅಂತಿಮ ಪ್ರತಿಗೆ ಮಾತ್ರ ಅಂಕ ಕೊಟ್ಟರೆ ಮೇಲಿನ ಯಾವ ಹಂತವೂ ನಡೆಯುವುದಿಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಕನಿಷ್ಠ ಅರ್ಧವನ್ನು ಪ್ರಶ್ನೆ ರೂಪಿಸಿದ್ದಕ್ಕೆ, ಸಹಪಾಠಿಯ ಕರಡನ್ನು ಓದಿದ್ದಕ್ಕೆ, ಮೊದಲ ಮತ್ತು ಮೂರನೆಯ ಕರಡುಗಳ ನಡುವೆ ಆದ ಬದಲಾವಣೆಗೆ ಮೀಸಲಿಡಿ. ಏನನ್ನು ಬದಲಿಸಿದೆ, ಏಕೆ ಬದಲಿಸಿದೆ ಎಂದು ವಿದ್ಯಾರ್ಥಿ ಅರ್ಧ ಪುಟದಲ್ಲಿ ಬರೆದು ಅಂತಿಮ ಪ್ರತಿಯ ಜೊತೆ ಕೊಡಲಿ. ಒಪ್ಪಿಗೆ ಕೊಟ್ಟವರ ಮೊದಲ ಮತ್ತು ಕೊನೆಯ ಕರಡುಗಳನ್ನು ಹೆಸರು ತೆಗೆದು ವಿಭಾಗದಲ್ಲಿ ಇಟ್ಟುಕೊಂಡರೆ, ಮುಂದಿನ ವರ್ಷದ ಮೊದಲ ಪಾಠಕ್ಕೆ ಉದಾಹರಣೆಗಳನ್ನು ಹೊರಗೆ ಹುಡುಕಬೇಕಾಗಿಲ್ಲ.