ಅಲಿಯಂ: ಎಲೆ ಬಂತು, ಹೂವೆಲ್ಲಿ?

ಅಲಿಯಂ ಅಂದರೆ ಈರುಳ್ಳಿ, ಬೆಳ್ಳುಳ್ಳಿಗಳದೇ ಕುಲ. ಅದರಲ್ಲಿ ಬರೀ ಹೂವಿಗೆಂದೇ ಬೆಳೆಸುವ ಜಾತಿಗಳಿವೆ. ಬೋಳು ದಂಟಿನ ತುದಿಯಲ್ಲಿ ನೂರಾರು ಪುಟ್ಟ ನಕ್ಷತ್ರಗಳು ಒತ್ತಾಗಿ ಸೇರಿ ಒಂದು ನೇರಳೆ ಚೆಂಡು. ಗಡ್ಡೆ ನೆಟ್ಟರೆ ಎಲೆ ಬಂದೇ ಬರುತ್ತದೆ. ಹೂವು ಬರುವುದಿಲ್ಲ, ಅಷ್ಟೇ. ಆಗ ಜನ ಗೊಬ್ಬರ ಸುರಿಯುತ್ತಾರೆ. ಎಲೆ ಇನ್ನಷ್ಟು ಸೊಕ್ಕುತ್ತದೆ.

ಗಡ್ಡೆ ಆರಿಸಿ

ಅಗ್ಗದ ‘ಮಿಕ್ಸ್’ ಪೊಟ್ಟಣ ಬೇಡವೇ ಬೇಡ. ಅದರಲ್ಲಿ ಬರುವುದು ಬಹುಪಾಲು ಮರಿಗಡ್ಡೆಗಳು. ಮರಿಗಡ್ಡೆ ಎಲೆ ಕೊಡುತ್ತದೆ, ಹೂ ಕೊಡಲು ಶಕ್ತಿ ಇರುವುದಿಲ್ಲ. ಮೊದಲ ಸಲಕ್ಕೆ ‘ಪರ್ಪಲ್ ಸೆನ್ಸೇಷನ್’ ತಗೊಳ್ಳಿ. ಮುಕ್ಕಾಲು ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ ಹೋಗುತ್ತದೆ, ಸತಾಯಿಸುವುದಿಲ್ಲ. ಗಡ್ಡೆಯ ಸುತ್ತಳತೆ 12 ಸೆಂ.ಮೀ. ಇದ್ದರೆ ಚೆನ್ನ. ಬುಡ ಒತ್ತಿ ನೋಡಿ, ಮೆತ್ತಗಿದ್ದರೆ ಅಲ್ಲೇ ಬಿಟ್ಟು ಬನ್ನಿ. ಆಳೆತ್ತರದ ‘ಗಿಗಾಂಟಿಯಂ’ ಆಮೇಲೆ ನೋಡೋಣ.

ಬೀಜ ಅಂತೀರಾ? ಬೀಜದಿಂದ ಹೂ ನೋಡಲು ಸಾಮಾನ್ಯವಾಗಿ 3ರಿಂದ 5 ವರ್ಷ ಬೇಕು. ಕಡುನೀಲಿ ದೈತ್ಯ ಚೆಂಡಿನ ಫೋಟೊ ತೋರಿಸಿ ಮಾರುವ ಬೀಜವನ್ನಂತೂ ಮುಟ್ಟಬೇಡಿ. ನೀಲಿ ಅಲಿಯಂ ಇರುವುದು ನಿಜ, ಆದರೆ ಅದರ ಚೆಂಡು ಪುಟ್ಟದು.

ಚಳಿ ಉಣ್ಣಿಸಿ

ಬಹಳ ಜನ ಎಡವುವುದು ಇಲ್ಲೇ. ಈ ಜಾತಿಗಳಲ್ಲಿ ಹೆಚ್ಚಿನವು ಚಳಿ ಪ್ರದೇಶದವು. ವಾರಗಟ್ಟಲೆ ತಂಪು ಸಿಗದಿದ್ದರೆ ಹೂದಂಟು ಏಳುವುದಿಲ್ಲ. ಚಳಿಗಾಲದಲ್ಲಿ ನೆಲವೇ ಕೊರೆಯುವಷ್ಟು ತಣ್ಣಗಾಗುವ ಕಡೆ ಇರುವವರು ಅದಕ್ಕೆ ಮುಂಚೆಯೇ ನೆಟ್ಟು ಸುಮ್ನಿರಬಹುದು. ಬಾಕಿಯವರಿಗೆ ಫ್ರಿಜ್ಜೇ ಗತಿ.

ಗಡ್ಡೆಗಳನ್ನು ಪೇಪರ್ ಕವರಿನಲ್ಲಿ ಹಾಕಿ, ಮೇಲೆ ತಾರೀಕು ಬರೆಯಿರಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಸಿಪ್ಪೆ ಸುಲಿಯಬೇಡಿ, ತೊಳೆಯಬೇಡಿ. 4ರಿಂದ 7 ಡಿಗ್ರಿ ಸೆಲ್ಸಿಯಸ್ ಸಾಕು. ಬೇಗ ಆಗಲಿ ಅಂತ ಫ್ರೀಜರಿಗೆ ತಳ್ಳುವವರಿದ್ದಾರೆ. ಹಾಗೆ ಮಾಡಿದರೆ ಗಡ್ಡೆ ಹೆಪ್ಪುಗಟ್ಟಿ, ಹೊರಗೆ ತೆಗೆದ ಮೇಲೆ ಲೊಳಲೊಳ ಆಗುತ್ತದೆ. ಇನ್ನೊಂದು ವಿಷಯ: ಸೇಬು, ಬಾಳೆಹಣ್ಣು ಇರುವ ಡಬ್ಬದಲ್ಲಿ ಇಡಬೇಡಿ. ಹಣ್ಣು ಮಾಗುವಾಗ ಬಿಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಎಳೆಮೊಗ್ಗನ್ನು ಕೆಡಿಸಬಹುದು.

ಕನಿಷ್ಠ 10–12 ವಾರ ಅಲ್ಲಿರಲಿ. ದೊಡ್ಡ ತಳಿಗಳಿಗೆ ಇನ್ನೂ ಜಾಸ್ತಿ. ವಾರಕ್ಕೊಮ್ಮೆ ತೆಗೆದು ಮೂಸಿ ನೋಡಿ. ಈರುಳ್ಳಿ ವಾಸನೆ ಸರಿ, ಕೊಳೆತ ವಾಸನೆ ಬಂದರೆ ಆ ಒಂದನ್ನು ಎಸೆಯಿರಿ. ತೆಗೆದ ದಿನವೇ ನೆಡಬೇಕು, ಅದೂ ತಂಪು ಹವೆ ಇರುವಾಗ. ಹಾಗಾಗಿ ನೆಡುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಫ್ರಿಜ್ಜಿಗೆ ಇಡಿ.

ಇಷ್ಟೆಲ್ಲ ರಗಳೆ ಯಾಕೆ ಅನ್ನುವವರು ಇದೇ ಕುಲದ ‘ಗಾರ್ಲಿಕ್ ಚೈವ್ಸ್’ ಬೆಳೆಸಲಿ. ಅದಕ್ಕೆ ಫ್ರಿಜ್ ಬೇಕಿಲ್ಲ, ಬಿಳಿ ನಕ್ಷತ್ರದಂಥ ಹೂ ಬಿಡುತ್ತದೆ. ಎಲೆ ತಿನ್ನಲೂ ಬರುತ್ತದೆ.

ನೆಡಿ

ಬಿಸಿಲು ಬೀಳುವ ಜಾಗ, ನೀರು ಬಸಿಯುವ ಮಣ್ಣು, ಗಡ್ಡೆಯ ಎತ್ತರದ ಮೂರರಷ್ಟು ಆಳ, ಚೂಪು ತುದಿ ಮೇಲಕ್ಕೆ. ದೊಡ್ಡವಕ್ಕೆ 20–30 ಸೆಂ.ಮೀ. ಅಂತರ. ಮುಗೀತು.

ಎಲೆಗೆ ಕತ್ತರಿ ಹಾಕಬೇಡಿ

ಚಳಿಯನ್ನು ಸರಿಯಾಗಿ ಕೊಟ್ಟವರೂ ಎರಡನೇ ವರ್ಷ ಇಲ್ಲಿ ಸೋಲುತ್ತಾರೆ. ದೊಡ್ಡ ತಳಿಗಳಲ್ಲಿ ಮೊಗ್ಗು ಬಿರಿಯುವ ಹೊತ್ತಿಗೇ ಎಲೆಯ ತುದಿ ಹಳದಿಯಾಗಿ, ಸುಟ್ಟಂತೆ ಕಂದಾಗಿ, ಬುಡದ ಕಡೆಗೆ ಒಣಗುತ್ತಾ ಬರುತ್ತದೆ. ರೋಗ ಅಂದುಕೊಂಡು ನೀರು ಹುಯ್ಯುತ್ತಾರೆ, ಗಡ್ಡೆ ಕೊಳೆಯುತ್ತದೆ. ಇಲ್ಲವೇ ಅಂದಗೆಟ್ಟಿತು ಅಂತ ಕತ್ತರಿಸುತ್ತಾರೆ, ಜಡೆ ಹೆಣೆಯುತ್ತಾರೆ. ಅಲಿಯಂ ಮುಂದಿನ ಹೂವಿಗೆ ಗಂಟು ಕಟ್ಟಿಕೊಳ್ಳುವುದು ಈ ಎಲೆಗಳ ದುಡಿಮೆಯಿಂದಲೇ. ಪೂರ್ತಿ ಒಣಗಿ, ಮೆಲ್ಲಗೆ ಎಳೆದರೆ ಕೈಗೆ ಬರುವ ತನಕ ಬಿಡಿ. ನೋಡಲಾಗದಿದ್ದರೆ ಮುಂದುಗಡೆ ಗಿಡ್ಡ ಪೊದೆ ಗಿಡ ನೆಡಿ, ಮರೆಯಾಗುತ್ತದೆ.

ಗೊಬ್ಬರ ಕೊಡುವುದಿದ್ದರೆ ಎಲೆ ಹಸಿರಾಗಿರುವಾಗ, ಪೊಟ್ಯಾಷ್ ಹೆಚ್ಚಿರುವಂಥದ್ದು. ಟೊಮೆಟೊ ಗಿಡಕ್ಕೆ ಹಾಕುವ ದ್ರವ ಗೊಬ್ಬರ ಆಗುತ್ತದೆ. ಯೂರಿಯಾ ಬೇಡ. ‘ಹೂ ಬರಿಸುವ ಟಾನಿಕ್’ ಬಾಟಲಿಗಳಿಗೆ ದುಡ್ಡು ಸುರಿಯಬೇಡಿ, ಚಳಿ ಕಾಣದ ಗಡ್ಡೆಗೆ ಯಾವ ಟಾನಿಕ್ಕೂ ದಂಟು ಎಬ್ಬಿಸುವುದಿಲ್ಲ.

ಹೂ ಮುಗಿದ ಮೇಲೆ

ಮೊದಲ ವರ್ಷ ಬೀಜ ಕಟ್ಟುವ ಮುಂಚೆ ಚೆಂಡನ್ನಷ್ಟೇ ಕತ್ತರಿಸಿ, ದಂಟು ಇರಲಿ. ಆಮೇಲಿನ ವರ್ಷಗಳಲ್ಲಿ ಒಣ ಚೆಂಡನ್ನು ಹಾಗೇ ಬಿಡಿ, ಹೂವಿಗಿಂತ ಅದೇ ಚೆಂದ. ‘ಪರ್ಪಲ್ ಸೆನ್ಸೇಷನ್’ ಬೀಜ ಉದುರಿ ಹುಟ್ಟುವ ಸಸಿಗಳ ಬಣ್ಣ ಮಾತ್ರ ಮಂಕು, ಕಂಡರೆ ಕಿತ್ತುಬಿಡಿ. ಗಿಡದ ಯಾವ ಭಾಗವೂ ನಾಯಿ, ಬೆಕ್ಕುಗಳ ಬಾಯಿಗೆ ಸಿಗಬಾರದು, ಅವಕ್ಕೆ ವಿಷ.

ಕೆಲವು ವರ್ಷಗಳ ಬಳಿಕ ಗುಂಪು ಒತ್ತಾಗಿ ಹೂ ಕಮ್ಮಿಯಾದರೆ, ಎಲೆ ಒಣಗಿದ ಮೇಲೆ ಅಗೆದು ಬಿಡಿಸಿ. ದಪ್ಪ ಗಡ್ಡೆಗಳನ್ನು ಅಂತರ ಕೊಟ್ಟು ಮತ್ತೆ ಹೂಳಿ. ಮರಿಗಳನ್ನು ಯಾವುದಾದರೂ ಮೂಲೆಯಲ್ಲಿ ನೆಟ್ಟು ಮರೆತುಬಿಡಿ, ಅವು ದಪ್ಪಗಾಗಲು ಒಂದೆರಡು ವರ್ಷ ಬೇಕು.