ಉಳಿದ ಆಲೂ ಪಲ್ಯಕ್ಕೆ ಒಂದು ಡಬ್ಬಿ ಟ್ಯೂನಾ: ಮೀನಿನ ಕಟ್ಲೆಟ್

ಮಸಾಲೆ ದೋಸೆಗೆ ಮಾಡಿದ ಆಲೂಗಡ್ಡೆ ಪಲ್ಯ ಫ್ರಿಜ್‌ನಲ್ಲಿ ಉಳಿದಿದ್ಯಾ? ಮೀನು ತರೋಕೆ ಬೆಂಗಳೂರಿನ ರಸೆಲ್ ಮಾರ್ಕೆಟ್‌ವರೆಗೆ ಹೋಗೋಕೆ ಪುರುಸೊತ್ತಿಲ್ಲದ ದಿನ ಡಬ್ಬಿ ಟ್ಯೂನಾ ಸಾಕು, ಮುಳ್ಳು ಬಿಡಿಸೋ ತಾಪತ್ರಯವೂ ಇಲ್ಲ.

185 ಗ್ರಾಂ ಡಬ್ಬಿಗೆ ಒಂದೂವರೆ ಕಪ್ ಪಲ್ಯ. ಮುಖ್ಯವಾದದ್ದು ನೀರು ತೆಗೆಯೋದು. ಮೀನನ್ನು ಜರಡಿಗೆ ಸುರಿದು, ಆಮೇಲೆ ಮುಷ್ಟಿಯಲ್ಲಿ ಹಿಂಡಿ, ಉದುರುದುರಾಗಬೇಕು. ತೇವ ಉಳಿದ್ರೆ ಕಾವಲಿ ಮೇಲೆ ಒಡೆದುಹೋಗುತ್ತೆ. ಪಲ್ಯ ತಣ್ಣಗಿದ್ದಾಗಲೇ ಕಲಸಿ, ಚೆನ್ನಾಗಿ ಹಿಡ್ಕೊಳ್ಳುತ್ತೆ, ಮೊಟ್ಟೆ ಬೇಕಿಲ್ಲ. ಈರುಳ್ಳಿ ಹೇಗೂ ಪಲ್ಯದಲ್ಲೇ ಇರುತ್ತೆ. ಕಾಳುಮೆಣಸಿನ ಪುಡಿ, ಹೆಚ್ಚಿದ ಕೊತ್ತಂಬರಿ ಸೊಪ್ಪು ಹಾಕಿ. ಒಗ್ಗರಣೆಯ ಕಡಲೆಬೇಳೆ ಹಲ್ಲಿಗೆ ಸಿಕ್ಕಿದ್ರೆ ನನಗಂತೂ ಇಷ್ಟ! ಉಪ್ಪು ಮಾತ್ರ ರುಚಿ ನೋಡಿ ಆಮೇಲೆ, ಡಬ್ಬಿ ಮೀನಲ್ಲೂ ಆಗಲೇ ಇರುತ್ತೆ.

ಬೆರಳು ದಪ್ಪಕ್ಕೆ ತಟ್ಟಿ, ಚಿರೋಟಿ ರವೆಯಲ್ಲಿ ಹೊರಳಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹದ ಉರಿ, ಕಾವಲಿ ತುಂಬ ಹರಡುವಷ್ಟು ಎಣ್ಣೆ. ಅಡಿ ಕೆಂಪಗಾಗಿ ತಾನಾಗೇ ಬಿಡೋವರೆಗೂ ಮಗುಚೋಕೆ ಹೋಗಬೇಡಿ. ಎಣ್ಣೆಯಲ್ಲಿಟ್ಟ ಟ್ಯೂನಾ ತಂದಿದ್ರೆ ಸೋಸಿದ ಎಣ್ಣೆಯನ್ನೇ ಇದಕ್ಕೆ ಬಳಸಬಹುದು. ಜೊತೆಗೆ ನಿಂಬೆಹಣ್ಣು, ಹಸಿ ಈರುಳ್ಳಿ. ಕೆಚಪ್ ಮಕ್ಕಳಿಗೆ ಬಿಟ್ಟದ್ದು.