ಬೇಸ್ ಸ್ವರದ ಕೆಳಗಿನ 7, 65, 43, 2: ಓದುವುದು ಹೇಗೆ?

ಬರೋಕ್ ಕಾಲದ (ಸುಮಾರು 1600ರಿಂದ 1750) ಅನೇಕ ಸೊನಾಟಾಗಳಲ್ಲಿ, ಅಂದರೆ ವಾದ್ಯಕೃತಿಗಳಲ್ಲಿ, ಪಿಯಾನೊಗಿಂತ ಹಳೆಯ ಕೀಬೋರ್ಡ್ ವಾದ್ಯವಾದ ಹಾರ್ಪ್ಸಿಕಾರ್ಡ್ ಪಾಲಿಗೆ ಬರೆದಿರುವುದು ಒಂದೇ ಸಾಲು. ಎಡಗೈಗೆ ಬೇಸ್ (ಎಲ್ಲಕ್ಕಿಂತ ಕೆಳಗಿನ) ಸ್ವರಗಳು, ಜೊತೆಗೆ ಪುಟ್ಟ ಅಂಕಿಗಳು. ಬಲಗೈಗೆ ಏನೂ ಇಲ್ಲ. ಅಂಕಿ ನೋಡಿ ಕಾರ್ಡನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪನ್ನು, ಅಲ್ಲೇ ಕಟ್ಟಿಕೊಳ್ಳಬೇಕು. ಇದೇ ಫಿಗರ್ಡ್ ಬೇಸ್. 1600ರ ಆಸುಪಾಸಿನಲ್ಲಿ ಇಟಲಿಯಲ್ಲಿ ಅಚ್ಚಾಗತೊಡಗಿದ ಈ ಪದ್ಧತಿ ಮುಂದೆ ಸುಮಾರು 150 ವರ್ಷ ಯುರೋಪಿನ ಉದ್ದಗಲಕ್ಕೂ ನಡೆಯಿತು.

ಪಾಶ್ಚಾತ್ಯ ಸಂಗೀತದ ಥಿಯರಿ ಪರೀಕ್ಷೆಗೆ ಓದುವವರು ಮೂರು ಸ್ವರದ ಕಾರ್ಡ್ ತನಕ ಸಲೀಸಾಗಿ ಬರುತ್ತಾರೆ. ಸೆವೆಂತ್ ಕಾರ್ಡ್ (ಏಳನೆಯ ಸ್ವರವೂ ಸೇರಿದ ನಾಲ್ಕು ಸ್ವರದ ಕಾರ್ಡ್) ಬಂದ ಕೂಡಲೇ 65, 43 (ಆರು-ಐದು, ನಾಲ್ಕು-ಮೂರು) ಅಂತ ಉರು ಹೊಡೆಯುತ್ತಾರೆ. ದಯವಿಟ್ಟು ಉರು ಹೊಡೆಯಬೇಡಿ. ಈ ಅಂಕಿಗಳಿಗೆ ತುಂಬ ಚೆಂದದ ಅರ್ಥವಿದೆ.

ಮೊದಲು ಎಣಿಕೆ ಕಲಿಯಿರಿ. ಬೇಸ್‌ನಲ್ಲಿರುವ ಸ್ವರವೇ 1. ಅಲ್ಲಿಂದ ಆ ಶ್ರುತಿಯ (ಕೀ; ಸಿ ಮೇಜರ್, ಎ ಮೈನರ್ ಇತ್ಯಾದಿ) ಸ್ವರಗಳನ್ನೇ ಹಿಡಿದು ಮೇಲಕ್ಕೆ ಎಣಿಸಬೇಕು. ಕಾರ್ಡ್‌ನ ಮೂಲಸ್ವರದಿಂದಲ್ಲ (ಕಾರ್ಡಿಗೆ ಹೆಸರು ಕೊಡುವ ಸ್ವರ, ಜಿ ಸೆವೆಂತ್‌ಗೆ ಜಿ), ಬೇಸ್‌ನಿಂದ. ಹೆಚ್ಚಿನವರು ಎಡವುವುದು ಇಲ್ಲೇ.

ಈಗ ಸಿ ಮೇಜರ್‌ನಲ್ಲಿ ಜಿ ಸೆವೆಂತ್ ತೆಗೆದುಕೊಳ್ಳಿ: ಜಿ, ಬಿ, ಡಿ, ಎಫ್. ಬೇಸ್‌ನಲ್ಲಿ ಜಿ ಇದ್ದರೆ ಎಫ್ ಏಳನೆಯದು. ಪೂರ್ತಿ ಬರೆದರೆ 7, 5, 3 ಆಗಬೇಕು. ಆದರೆ 5 ಮತ್ತು 3 ಹೇಗೂ ಇದ್ದೇ ಇರುತ್ತವಲ್ವಾ? ಹಾಗಾಗಿ 7 ಮಾತ್ರ ಉಳಿಯಿತು.

ಕೀಬೋರ್ಡ್ ಇದ್ದರೆ ಮುಂದಿನದನ್ನು ಕೈಯಲ್ಲೇ ಮಾಡಿ ನೋಡಿ. ಎಡಗೈ ಕಿರುಬೆರಳನ್ನು ಬಿ ಮೇಲಿಡಿ. ಬಲಗೈಯಲ್ಲಿ ಅದರ ಮೇಲಿನ ಡಿ, ಎಫ್, ಜಿ ಒತ್ತಿ. ಬಿ ಇಂದ ಎಣಿಸಿದರೆ ಡಿ ಮೂರನೆಯದು, ಎಫ್ ಐದನೆಯದು, ಜಿ ಆರನೆಯದು. ಎಫ್ ಮತ್ತು ಜಿ ಪಕ್ಕಪಕ್ಕದ ಮನೆಗಳು. ಎರಡನ್ನೂ ಒಟ್ಟಿಗೆ ಒತ್ತಿದಾಗ ಒಂದು ಸಣ್ಣ ತಿಕ್ಕಾಟ ಕೇಳುತ್ತದೆ. ಸೆವೆಂತ್ ಕಾರ್ಡ್‌ನ ಜೀವ ಇರುವುದು ಆ ತಿಕ್ಕಾಟದಲ್ಲೇ. 6 ಮೇಲೆ, 5 ಕೆಳಗೆ ಬರೆದು ಅಂಕಿ ತೋರಿಸುತ್ತಿರುವುದೂ ಅದೇ ಜೋಡಿಯನ್ನು. ಮೂಲಸ್ವರದ ಬದಲು ಕಾರ್ಡಿನ ಬೇರೆ ಸ್ವರ ಬೇಸ್‌ಗೆ ಬಂದರೆ ಅದು ಇನ್ವರ್ಷನ್. ಇದು ಮೊದಲ ಇನ್ವರ್ಷನ್.

ಬೇಸ್‌ಗೆ ಡಿ ಬಂದರೆ ಅದೇ ಎಫ್, ಜಿ ಜೋಡಿ 3 ಮತ್ತು 4 ಆಗುತ್ತದೆ. ಅದಕ್ಕೇ 43. ಎಫ್ ಸ್ವತಃ ಬೇಸ್‌ಗೆ ಇಳಿದರೆ ಜಿ ಎರಡನೆಯದು. ಅದನ್ನು 42 ಅಥವಾ ಸುಮ್ನೆ 2 ಅಂತ ಬರೆಯುತ್ತಾರೆ. ಸಾಲಾಗಿ ಓದಿ: 7, 65, 43, 2. ಏಳರಿಂದ ಎರಡರವರೆಗೆ ಇಳಿಯುವ ಎಣಿಕೆ!

ಇಷ್ಟು ಕಂಡ ಮೇಲೆ ಕೀಲಿಕೈ ಸಿಕ್ಕ ಹಾಗೆಯೇ. 65, 43 ಎರಡರಲ್ಲೂ ದೊಡ್ಡ ಅಂಕಿಯೇ ಮೂಲಸ್ವರ, ಅದರ ಕೆಳಗಿನದು ಸೆವೆಂತ್. 2 ಇದ್ದರೆ ಆ 2 ಮೂಲಸ್ವರ, ಬೇಸ್ ಸೆವೆಂತ್. ಸೆವೆಂತ್ ಸಾಮಾನ್ಯವಾಗಿ ಒಂದು ಹೆಜ್ಜೆ ಕೆಳಗಿಳಿದು ಸಮಾಧಾನವಾಗುತ್ತದೆ. ಎಫ್ ಇಗೆ ಇಳಿಯುತ್ತದೆ. ಹಾಗಾಗಿ 2 ಕಂಡರೆ ಬೇಸ್ ಕೆಳಗಿಳಿಯುತ್ತದೆಂದು ಮೊದಲೇ ಊಹಿಸಬಹುದು.

ಮೂಲಸ್ವರ, ಇನ್ವರ್ಷನ್ ಎಂಬ ವಿವರಣೆಯನ್ನು ಫ್ರೆಂಚ್ ಸಂಗೀತಗಾರ ರಾಮೋ 1722ರ ತನ್ನ ಗ್ರಂಥದಲ್ಲಿ ಸಿದ್ಧಾಂತವಾಗಿ ಬೆಳೆಸಿದ. ಅದಕ್ಕೂ ನೂರು ವರ್ಷ ಮೊದಲೇ ವಾದಕರ ಬೆರಳು ಬೇಸ್‌ನಿಂದ ಎಣಿಸುತ್ತಿತ್ತು. ನನಗಂತೂ ಬೆರಳಿನ ದಾರಿಯೇ ಜಾಸ್ತಿ ಹತ್ತಿರ.

ಮೈನರ್ ಶ್ರುತಿಯಲ್ಲಿ ಒಂದು ಎಚ್ಚರ. ಎ ಮೈನರ್‌ನಲ್ಲಿ ಇ ಸೆವೆಂತ್‌ಗೆ ಜಿ ಶಾರ್ಪ್ (ಅರ್ಧ ಹೆಜ್ಜೆ ಏರಿಸಿದ ಜಿ) ಬೇಕು. ಇ ಬೇಸ್ ಆದರೆ 7ರ ಕೆಳಗೆ ಒಂಟಿ ಶಾರ್ಪ್ ಗುರುತು ಬರುತ್ತದೆ. ಅಂಕಿಯಿಲ್ಲದ ಶಾರ್ಪ್ ಅಂದರೆ ಮೂರನೆಯ ಸ್ವರ ಏರಿಸಿ ಎಂದು. ಬೇಸ್‌ನಲ್ಲಿ ಬಿ ಇದ್ದರೆ ಜಿ ಶಾರ್ಪ್ ಆರನೆಯದು. ಸುಮ್ಮನೆ 43 ಎಂದರೆ ಸಾಲದು, ಏರಿಸಿದ 6 ಕೂಡ ಬರೆಯಬೇಕು. 6ಕ್ಕೆ ಅಡ್ಡಗೆರೆ ಎಳೆದರೂ ಅದೇ ಅರ್ಥ.

ಈಗ ನೀವೇ ಒಂದು ಬಿಡಿಸಿ. ಸಿ ಮೇಜರ್, ಬೇಸ್‌ನಲ್ಲಿ ಎ, ಕೆಳಗೆ 43. ಎ ಇಂದ ನಾಲ್ಕನೆಯದು ಡಿ, ಅದೇ ಮೂಲಸ್ವರ. ಮೂರನೆಯದು ಸಿ, ಅದು ಸೆವೆಂತ್. ಬಿಟ್ಟುಹೋದ ಆರನೆಯದು ಎಫ್. ನುಡಿಸಿ, ಸ್ವಲ್ಪ ಹೊತ್ತು ಹಿಡಿದಿಡಿ. ಆಮೇಲೆ ಬೇಸನ್ನು ಜಿಗೆ ಇಳಿಸಿ, ಸಿಯನ್ನು ಬಿಗೆ ಬಿಡಿ.